ಕಿವಿ ಬುಡದ ಗಂಟು: ಎರಡು ಲ್ಯಾಬ್, ಎರಡು ಹೆಸರು

ಪ್ರಶ್ನೆ: ಅಣ್ಣನಿಗೆ 41 ವರ್ಷ. ಎಡಗಿವಿಯ ಕೆಳಗೆ ಎರಡು ವರ್ಷದಿಂದ ಇದ್ದ ನೋವಿಲ್ಲದ ಗಂಟನ್ನು ಕಳೆದ ತಿಂಗಳು ತೆಗೆದರು. ಒಂದು ಲ್ಯಾಬ್ ‘ಏಸಿನಿಕ್ ಸೆಲ್ ಕಾರ್ಸಿನೋಮಾ’ ಎಂಬ ಕ್ಯಾನ್ಸರ್ ಎಂದಿತು, ಇನ್ನೊಂದು ‘ಸೆಕ್ರೀಟರಿ ಕಾರ್ಸಿನೋಮಾ’ ಇರಬಹುದು ಎಂದಿತು. ಇದಕ್ಕೆ ಮಾತ್ರೆ ಇದೆಯಂತೆ, ಶುರು ಮಾಡಬಹುದೇ?
– ಓದುಗರು, ಬ್ರಹ್ಮಾವರ

ಉತ್ತರ: ಮಾತ್ರೆಯ ಮಾತು ಆಮೇಲೆ. ಮೊದಲು ಹೆಸರು ಖಚಿತವಾಗಲಿ. ಕಿವಿ ಬುಡದಲ್ಲಿರುವುದು ಲಾಲಾಗ್ರಂಥಿ, ಅಂದರೆ ಜೊಲ್ಲಿನ ಗ್ರಂಥಿ. ಅದರ ಸೆಕ್ರೀಟರಿ ಕಾರ್ಸಿನೋಮಾವನ್ನು ಬೇರೆ ಕಾಯಿಲೆಯೆಂದು ಗುರುತಿಸಿದ್ದೇ 2010ರಲ್ಲಿ. ಅದುವರೆಗೆ ಇಂಥ ಎಷ್ಟೋ ಗಂಟುಗಳು ಏಸಿನಿಕ್ ಸೆಲ್ ಲೆಕ್ಕಕ್ಕೇ ಹೋಗುತ್ತಿದ್ದವು. ನೋಡಲು ಅಷ್ಟು ಹತ್ತಿರ. ಏಸಿನಿಕ್‌ನಲ್ಲಿ ಜೀವಕೋಶದ ತುಂಬ ನೀಲಿ ಕಣಗಳಿರುತ್ತವೆ. ಸೆಕ್ರೀಟರಿಯಲ್ಲಿ ಅವಿಲ್ಲ, ಪುಟ್ಟ ಪೊಳ್ಳುಗಳಲ್ಲಿ ಗುಲಾಬಿ ಬಣ್ಣದ ನೊರೆಯಂಥ ಸ್ರಾವ ನಿಂತಿರುತ್ತದೆ. ಅಂಗಾಂಶಕ್ಕೆ ಬಣ್ಣ ಹಚ್ಚಿ ಪ್ರೊಟೀನ್ ಹುಡುಕುವ ಪರೀಕ್ಷೆಯಲ್ಲಿ ಎಸ್-100, ಮಮ್ಮಾಗ್ಲೋಬಿನ್ ಎರಡೂ ಗಾಢವಾಗಿ ಬಂದು ಡಾಗ್-1 ಬರದಿದ್ದರೆ ಸೆಕ್ರೀಟರಿಯ ಸಂಶಯ ಬಲವಾಗುತ್ತದೆ.

ಖಾತ್ರಿಗೆ ಇಟಿವಿ6 ಜೀನ್ ತುಂಡಾಗಿದೆಯೇ ಎಂದು ಫಿಶ್ (FISH, ಹೊಳೆಯುವ ಗುರುತು ಹಚ್ಚಿ ಜೀನ್ ನೋಡುವ) ಪರೀಕ್ಷೆ ಮಾಡಿಸುತ್ತಾರೆ. ಆದರೆ ಅದು ತುಂಡಾಗಿದೆ ಎಂದಷ್ಟೇ ಹೇಳುತ್ತದೆ, ಯಾವುದರ ಜೊತೆ ಅಂಟಿಕೊಂಡಿದೆ ಎಂದು ಹೇಳುವುದಿಲ್ಲ. ಹೆಚ್ಚಾಗಿ ಎನ್‌ಟಿಆರ್‌ಕೆ3 ಎಂಬ ಜೀನ್ ಜೊತೆ, ಅಪರೂಪಕ್ಕೆ ರೆಟ್ ಎಂಬ ಜೀನ್ ಜೊತೆ. ಮಾತ್ರೆ ಆರಿಸುವಾಗ ಈ ವ್ಯತ್ಯಾಸವೇ ಮುಖ್ಯ. ಅದಕ್ಕೆ ಜೀನ್‌ನ ಜೋಡಣೆಯನ್ನು ಓದಿ ಹೇಳುವ ಆರ್‌ಎನ್‌ಎ ಸೀಕ್ವೆನ್ಸಿಂಗ್ ಪರೀಕ್ಷೆ ಬೇಕು.

ಶಸ್ತ್ರಕ್ರಿಯೆ ಆದ ಕಡೆಯಿಂದ ಪ್ಯಾರಾಫಿನ್ ಬ್ಲಾಕ್ ಮತ್ತು ಸ್ಲೈಡ್ ಎರಡನ್ನೂ ಬರೆದುಕೊಟ್ಟು ಕೇಳಿ ಪಡೆಯಿರಿ. ಸ್ಲೈಡ್ ಮಾತ್ರ ತಂದರೆ ಹೊಸ ಪರೀಕ್ಷೆಗೆ ಅಂಗಾಂಶ ಸಾಲದು. ಬ್ಲಾಕ್ ಅಂದರೆ ಹೆಬ್ಬೆರಳಗಲದ ಮೇಣದ ತುಂಡು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ. ಮಣಿಪಾಲ ಅಥವಾ ಮಂಗಳೂರಿನ ಮೆಡಿಕಲ್ ಕಾಲೇಜಿನ ಪೆಥಾಲಜಿ ವಿಭಾಗದಲ್ಲಿ ಮರುಪರಿಶೀಲನೆಗೆ ಕೊಡಿ.

ಇನ್ನು ಚಿಕಿತ್ಸೆ. ಗಂಟು ಪೂರ್ತಿ ಬಂದಿದ್ದು, ತೆಗೆದ ತುಂಡಿನ ಅಂಚು ಸ್ವಚ್ಛವಿದ್ದು (ಅಲ್ಲಿ ಕ್ಯಾನ್ಸರ್ ಇಲ್ಲದೆ), ಕತ್ತಿನ ಗ್ರಂಥಿಗಳಲ್ಲಿ ಏನೂ ಇಲ್ಲದೆ, ಹೈ ಗ್ರೇಡ್ (ಉಗ್ರ ಸ್ವಭಾವದ್ದು) ಅಲ್ಲದಿದ್ದರೆ ಸಾಮಾನ್ಯವಾಗಿ ಶಸ್ತ್ರಕ್ರಿಯೆಯೇ ಸಾಕು. ಅಂಚಿನಲ್ಲಿ ಉಳಿದಿದ್ದರೆ ಮತ್ತೆ ತೆಗೆಯುವುದು, ಇಲ್ಲವೇ ರೇಡಿಯೇಶನ್: ದಿನಕ್ಕೆ 2 ಗ್ರೇ (ವಿಕಿರಣದ ಅಳತೆ) ಯಂತೆ ಒಟ್ಟು 60–66 ಗ್ರೇ, ಆರು ವಾರದ ಮೇಲೆ ಹಿಡಿಯುತ್ತದೆ. ಅದಕ್ಕೆ ಮೊದಲೇ ಹಲ್ಲಿನ ಡಾಕ್ಟರನ್ನು ನೋಡಿ. ಕೀಳಬೇಕಾದ ಹಲ್ಲಿದ್ದರೆ ಎರಡು ವಾರ ಮುಂಚೆ ಕೀಳಿಸಿ. ರೇಡಿಯೇಶನ್ ನಂತರ ಕಿತ್ತರೆ ದವಡೆ ಎಲುಬು ಮಾಯದೆ ಕೊಳೆಯುವ ಭಯವಿದೆ. ಲಾರೋಟ್ರೆಕ್ಟಿನಿಬ್ ಮಾತ್ರೆ, ದೊಡ್ಡವರಿಗೆ 100 ಮಿ.ಗ್ರಾಂ ದಿನಕ್ಕೆರಡು ಸಲ, ಕಾಯಿಲೆ ಹರಡಿದವರಿಗೆ ಅಥವಾ ಶಸ್ತ್ರಕ್ರಿಯೆ ಮಾಡಲಾಗದವರಿಗೆ. ಅದೂ ಎನ್‌ಟಿಆರ್‌ಕೆ ಜೋಡಣೆ ಸಾಬೀತಾದ ಮೇಲೆ. ಅಣ್ಣನ ವರದಿಯಲ್ಲಿ ಅಂಚು ಹೇಗಿದೆ ಎಂಬುದನ್ನು ಇವತ್ತೇ ಓದಿ ನೋಡಿ.

ಪ್ರಶ್ನೆ: ಇದೇ ಗ್ರಂಥಿ ತೆಗೆದು ವರ್ಷವಾಯಿತು. ಮೀನುಸಾರು ಉಣ್ಣುವಾಗ ಆ ಕೆನ್ನೆ ಮಾತ್ರ ಬೆವರುತ್ತದೆ. ಮರುಕಳಿಸಿತೇ?
– ಓದುಗರು, ಸುರತ್ಕಲ್

ಉತ್ತರ: ಅದರ ಲಕ್ಷಣವಲ್ಲ. ಜೊಲ್ಲು ಸುರಿಸಬೇಕಿದ್ದ ನರದ ಎಳೆಗಳು ಗಾಯ ಮಾಯುವಾಗ ಚರ್ಮದ ಬೆವರಿನ ಗ್ರಂಥಿಗೆ ಸೇರಿಕೊಂಡಿವೆ. ತೊಂದರೆ ಅನಿಸಿದರೆ ಅಲ್ಯೂಮಿನಿಯಂ ಕ್ಲೋರೈಡ್ ಇರುವ ಬೆವರುನಿರೋಧಕವನ್ನು ಒಣ ಕೆನ್ನೆಗೆ ರಾತ್ರಿ ಹಚ್ಚಿ, ಬೆಳಿಗ್ಗೆ ತೊಳೆಯಿರಿ. ಸಾಲದಿದ್ದರೆ ಬೊಟಾಕ್ಸ್ ಚುಚ್ಚುಮದ್ದು ಕೆಲವು ತಿಂಗಳು ತಡೆಯುತ್ತದೆ. ಹೊಸ ಗಂಟು ಕೈಗೆ ಸಿಕ್ಕರೆ, ಬಾಯಿ ಸೊಟ್ಟಗಾದರೆ, ಕಣ್ಣು ಪೂರ್ತಿ ಮುಚ್ಚದಿದ್ದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಹೊರಡಿ.