ಸ್ಟಾಲ್ ಆಗುವುದು ರೆಕ್ಕೆ

ಓದುಗರೊಬ್ಬರ ಪತ್ರ: 'ತರಬೇತಿ ವಿಮಾನ ಸ್ಟಾಲ್ ಆಗಿ ಬಿತ್ತು ಅಂತ ಆಗಾಗ ಓದುತ್ತೇನೆ. ಹೀಗೆ ಎಂಜಿನ್ ನಿಂತುಹೋಗುವ ವಿಮಾನವನ್ನು ಕಲಿಯುವ ಹುಡುಗರ ಕೈಗೆ ಯಾಕೆ ಕೊಡುತ್ತಾರೆ?'

ಸಂಪಾದಕರ ಉತ್ತರ: ತಪ್ಪು ನಿಮ್ಮದಲ್ಲ, ಆ ಪದದ್ದು. ಕಾರು ಸ್ಟಾಲ್ ಆಯಿತು ಅಂದರೆ ಎಂಜಿನ್ ನಿಂತಿತು ಅಂತ. ವಿಮಾನದಲ್ಲಿ ಸ್ಟಾಲ್ ಆಗುವುದು ರೆಕ್ಕೆ. ಎಂಜಿನ್ ಜೋರಾಗಿ ಓಡುತ್ತಿರುವಾಗಲೂ ಆಗಬಹುದು.

ರೆಕ್ಕೆ ಗಾಳಿಯನ್ನು ಸಣ್ಣ ಕೋನದಲ್ಲಿ ಸೀಳಿಕೊಂಡು ಹೋಗಬೇಕು. ಮೂತಿ ತೀರಾ ಎತ್ತಿದರೆ ಕೋನ ಹೆಚ್ಚುತ್ತದೆ. ಸುಮಾರು 15 ಡಿಗ್ರಿ ದಾಟಿದ ಮೇಲೆ ರೆಕ್ಕೆಯ ಬೆನ್ನಿಗಂಟಿ ಹರಿಯುತ್ತಿದ್ದ ಗಾಳಿ ಬಿಟ್ಟುಕೊಳ್ಳುತ್ತದೆ, ಎತ್ತಿ ಹಿಡಿದಿದ್ದ ಬಲ ಕುಸಿಯುತ್ತದೆ. ಆಗ ಮೂತಿ ಇಳಿಸಬೇಕು, ಅಷ್ಟೇ. ಸಾಕಷ್ಟು ಎತ್ತರದಲ್ಲಿ ಬೇಕಂತಲೇ ಸ್ಟಾಲ್ ಮಾಡಿಸಿ ಇದನ್ನು ಕಲಿಸುತ್ತಾರೆ.

ಜೀವ ಹೋಗುವುದು ಕೆಳಗೆ. ಇಳಿಯಲು ಕೊನೆಯ ತಿರುವು ತೆಗೆದುಕೊಳ್ಳುವಾಗ ಎತ್ತರ 500 ಅಡಿ ಆಸುಪಾಸು. ಗಾಳಿ ತಳ್ಳಿ ರನ್‌ವೇ ಗೆರೆ ದಾಟಿಬಿಟ್ಟರೆ ಕೈ ತಾನಾಗಿ ಇನ್ನಷ್ಟು ವಾಲಿಸುತ್ತದೆ, ಮೂತಿ ಎತ್ತುವಂತೆ ಕಂಟ್ರೋಲ್ ಹಿಂದಕ್ಕೆಳೆಯುತ್ತದೆ. ಎತ್ತರ ಬಿಡದೆ 60 ಡಿಗ್ರಿ ವಾಲಿಸಿದರೆ ಸ್ಟಾಲ್ ಆಗುವ ವೇಗ ಶೇ 41ರಷ್ಟು ಏರುತ್ತದೆ. ನೇರ ಹಾರುವಾಗ 50 ನಾಟ್‌ನಲ್ಲಿ (ಗಂಟೆಗೆ ಸುಮಾರು 93 ಕಿ.ಮೀ.) ಸ್ಟಾಲ್ ಆಗುವ ವಿಮಾನ ಆಗ 70ರಲ್ಲೇ ಆಗಿಬಿಡುತ್ತದೆ. ಸಣ್ಣ ವಿಮಾನ ಇಳಿಯಲು ಬರುವ ವೇಗವೂ ಹೆಚ್ಚುಕಮ್ಮಿ ಅಷ್ಟೇ, ನೋಡಿ! ಜೊತೆಗೆ ರಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ, ಕಾಲಲ್ಲಿ ಒತ್ತುವ ನಿಯಂತ್ರಣ) ತಪ್ಪಾಗಿ ಒತ್ತಿದ್ದರೆ ಒಂದು ರೆಕ್ಕೆ ಮೊದಲು ಬಿದ್ದು ವಿಮಾನ ಬುಗುರಿಯಾಗುತ್ತದೆ. ಸ್ಪಿನ್ ಅನ್ನುವುದು ಇದನ್ನೇ. ಬಿಡಿಸಿಕೊಳ್ಳುವಷ್ಟು ಎತ್ತರ ಅಲ್ಲಿಲ್ಲ.

ಇನ್ನು ಎಂಜಿನ್. ಅದು ನಿಂತರೂ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ತರಬೇತಿಗೆ ಬಳಸುವ ಸಣ್ಣ ವಿಮಾನ ಸೆಸ್ನಾ 172 ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು 9 ಅಡಿ ಮುಂದೆ ತೇಲುತ್ತದೆ. ಅಪಾಯ ಇರುವುದು ಟೇಕಾಫ್ ಆದ ಕೂಡಲೇ ಕೈಕೊಟ್ಟಾಗ. ರನ್‌ವೇಗೆ ವಾಪಸ್ ತಿರುಗುವ ಆಸೆ ಬರುತ್ತದೆ. ಆ ತಿರುವಿನಲ್ಲೂ ಕಾದಿರುವುದು ಇದೇ ಸ್ಟಾಲ್. ಹೆಚ್ಚುಕಮ್ಮಿ ನೇರಕ್ಕೆ ಸಿಕ್ಕ ಬಯಲಲ್ಲೇ ಇಳಿಸು ಅಂತ ಹೇಳಿಕೊಡುವುದು ಅದಕ್ಕೇ.

'ಹುಡುಗರ ಕೈಗೆ' ಅಂದಿರಲ್ವಾ? ಒಬ್ಬರೇ ಹಾರುವ ವಿದ್ಯಾರ್ಥಿಗಳು ಜಾಸ್ತಿ ಎಡವುವುದು ನೆಲ ಮುಟ್ಟುವಾಗ. ವಿಮಾನ ಪುಟಿಯುತ್ತದೆ, ಮುಂದಿನ ಚಕ್ರ ಮುರಿಯುತ್ತದೆ, ಇಲ್ಲವೇ ರನ್‌ವೇ ಪಕ್ಕಕ್ಕೆ ಜಾರುತ್ತದೆ. ಸಾಮಾನ್ಯವಾಗಿ ಅವರು ನಡೆದೇ ಹೊರಬರುತ್ತಾರೆ. ಪಕ್ಕದಲ್ಲಿ ಬೋಧಕರಿದ್ದಾರೆ ಅಂತ ಸುಮ್ನೆ ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ಶಿಷ್ಯರ ತಪ್ಪನ್ನು ಎಷ್ಟು ಹೊತ್ತು ನೋಡುತ್ತಾ ಕೂರಬೇಕು ಅನ್ನುವುದೇ ಅವರ ಕಷ್ಟ. 'ಕಂಟ್ರೋಲ್ ನನ್ನದು' ಅಂತ ಒಬ್ಬರು ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು ಒಪ್ಪಿ ಉತ್ತರಿಸಬೇಕು. ಈ ಪದ್ಧತಿ ಇಟ್ಟಿರುವುದಕ್ಕೆ ಕಾರಣವಿದೆ: ಹಿಂದೆ, ಇನ್ನೊಬ್ಬರು ಹಿಡಿದಿದ್ದಾರೆ ಅಂದುಕೊಂಡು ಇಬ್ಬರೂ ಕೈಬಿಟ್ಟದ್ದುಂಟು.