ಕನಸಿನ ಗ್ಯಾರೇಜಿಗೆ ಯಾವ ಐದು ಕಾರು? ಬೆಳಗಾವಿಯವನ ಪಟ್ಟಿ

ದುಡ್ಡಿನ ಚಿಂತೆಯೇ ಇಲ್ಲದಿದ್ದರೆ ನಿಮ್ಮ ಗ್ಯಾರೇಜಿನಲ್ಲಿ ಯಾವ ಐದು ಕಾರು ನಿಲ್ಲಿಸುತ್ತೀರಿ ಎಂದು ಕೇಳಿದ್ದೀರಿ. ದುಡ್ಡಿನ ಚಿಂತೆ ಬಿಡಬಹುದು, ಊರಿನ ಚಿಂತೆ ಬಿಡೋಕೆ ಆಗುವುದಿಲ್ಲ. ನಾನು ಬೆಳಗಾವಿಯವನು. ಕಾರು ಇಲ್ಲೇ ಓಡಬೇಕು, ಕೆಟ್ಟರೆ ಇಲ್ಲೇ ರಿಪೇರಿ ಆಗಬೇಕು. ಇಷ್ಟು ಷರತ್ತು ಹಾಕಿದರೆ ಸಾಕು, ಲ್ಯಾಂಬೋರ್ಗಿನಿ, ಫೆರಾರಿ ತಾವಾಗಿಯೇ ಹೊರಗೆ ಹೋಗುತ್ತವೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ತೆವಳುವುದಕ್ಕೆ ಅಷ್ಟು ದೊಡ್ಡ ಇಂಜಿನ್ ಯಾಕೆ, ಅಲ್ವಾ?

ಮೊದಲನೆಯದು ಮಾರುತಿ ಜಿಪ್ಸಿ. ಸೇನೆಯ ಮರಾಠಾ ಲೈಟ್ ಇನ್‌ಫೆಂಟ್ರಿ ರೆಜಿಮೆಂಟಿನ ಊರಿನಲ್ಲಿ ಬೆಳೆದವರಿಗೆ ಕ್ಯಾಂಪ್ ರಸ್ತೆಯ ಹಸಿರು ಜಿಪ್ಸಿ ಕಣ್ಣಲ್ಲಿ ಕೂತಿರುತ್ತದೆ. 1985ರಲ್ಲಿ ಬಂದಾಗ ಅದಕ್ಕೆ 970 ಸಿಸಿ ಇಂಜಿನ್ ಇತ್ತು. ನನಗೆ ಬೇಕಾದದ್ದು ಆಮೇಲೆ ಬಂದ 1.3 ಲೀಟರಿನ ಜಿಪ್ಸಿ ಕಿಂಗ್, ಅದರಲ್ಲೂ ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ, ಅಂದರೆ ಪ್ರತಿ ಸಿಲಿಂಡರಿಗೂ ಬೇರೆಯಾಗಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ, ಬಂದ ಮೇಲಿನದು. ತೂಕ ಸುಮಾರು ಒಂದು ಟನ್ ಅಷ್ಟೇ. ಮಳೆಗಾಲದಲ್ಲಿ ಜಾಂಬೋಟಿ ಕಡೆಯ ಕೆಸರಿನಲ್ಲಿ ಭಾರದ ಎಸ್‌ಯುವಿ ಹೂತುಕೊಳ್ಳುವ ಜಾಗದಲ್ಲಿ ಇದು ಸುಮ್ನೆ ದಾಟಿ ಹೋಗುತ್ತದೆ. ಆದರೆ ನಾಲ್ಕೂ ಚಕ್ರಕ್ಕೆ ಪಾಟಾ ಸ್ಪ್ರಿಂಗ್. ಹಿಂದಿನ ಸೀಟಿನಲ್ಲಿ ಕೂತವರ ಸೊಂಟದ ಬಗ್ಗೆ ನಾನು ಮಾತಾಡುವುದಿಲ್ಲ.

ಎರಡನೆಯದು ಪ್ರೀಮಿಯರ್ ಪದ್ಮಿನಿ. ಅಂಬಾಸಿಡರ್ ಯಾಕಲ್ಲ ಎಂದು ಜಗಳ ಬರುತ್ತದೆ, ಗೊತ್ತು. ಅಂಬಾಸಿಡರ್‌ನಲ್ಲಿ ಕೂರುವ ಸುಖ ಜಾಸ್ತಿ, ಪದ್ಮಿನಿಯಲ್ಲಿ ಓಡಿಸುವ ಸುಖ ಜಾಸ್ತಿ. 1964ರಲ್ಲಿ ಮುಂಬೈಯ ಕುರ್ಲಾದಲ್ಲಿ ಫಿಯಟ್ 1100 ಡಿಲೈಟ್ ಹೆಸರಿನಲ್ಲಿ ಶುರುವಾದ ಕಾರು ಇದು. ಪದ್ಮಿನಿ ಎಂಬ ಹೆಸರು ಬಂದದ್ದು 70ರ ದಶಕದಲ್ಲಿ. 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಲಿವರ್. 2023ರ ಅಕ್ಟೋಬರಿನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು.

ಹಳೆಯ ಕಾರಿಗೆ ಬೆಳಗಾವಿಯಂಥ ಊರು ಸಿಗುವುದು ಕಷ್ಟ. ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಫೌಂಡ್ರಿ ಇದೆ, ಲೇತ್ ಇದೆ, ಮಷೀನ್ ಶಾಪ್‌ಗಳಿವೆ. ಪೇಟೆಯಲ್ಲಿ ಸಿಗದ ಬುಶ್, ಪಿನ್ನು, ಬ್ರಾಕೆಟ್‌ಗೆ ಹಳೆಯದನ್ನು ಕೈಯಲ್ಲಿ ಹಿಡಿದು ಹೋದರೆ ಅಳತೆ ನೋಡಿ ಹೊಸದು ಮಾಡಿಕೊಡುವವರು ಇಲ್ಲಿದ್ದಾರೆ. ನಿಜವಾದ ತಲೆನೋವು ಪೆಟ್ರೋಲಿನದು. ಈಗ ಬಂಕಿನಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲ್. ನಮ್ಮ ಕಡೆಯ ಕಬ್ಬಿನಿಂದಲೂ ಎಥೆನಾಲ್ ಆಗುತ್ತದೆ, ಆ ಲೆಕ್ಕದಲ್ಲಿ ಖುಷಿಯೇ. ಆದರೆ ಪದ್ಮಿನಿಯ ಕಾಲದ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮ್, ಕಾರ್ಬುರೇಟರಿನ ವಾಷರ್ ಇದಕ್ಕಾಗಿ ಮಾಡಿದವಲ್ಲ. ಎಥೆನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲವಿಡೀ ಕಾರು ನಿಂತೇ ಇದ್ದರೆ ಟ್ಯಾಂಕಿನ ಒಳಗೇ ಜಂಗು ಶುರು. ಹಾಗಾಗಿ ಪದ್ಮಿನಿ ಮನೆಗೆ ಬಂದರೆ ಪಾಲಿಶ್, ಪೇಂಟು ಆಮೇಲೆ. ಮೊದಲು ಎಥೆನಾಲ್ ತಡೆಯುವ ಪೈಪು ಹಾಕಿಸಬೇಕು.

ಕಾಗದಪತ್ರದ ಒಂದು ಮಾತು. 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರವಿರುವ ವಿಂಟೇಜ್ ನಂಬರ್ ಪಡೆಯಬಹುದು. ಆದರೆ ಅದರಲ್ಲಿ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ. ನನಗಂತೂ ಮಾಮೂಲಿ ಕೆಎ-22 ನಂಬರೇ ಇರಲಿ. 15 ವರ್ಷ ಆದಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಂಡು ಓಡಿಸುತ್ತೇನೆ.

ಮೂರನೆಯದು ಹಳೆಯ ಇನೋವಾ, 2.5 ಲೀಟರ್ ಡೀಸೆಲ್. ಕನಸಿನಲ್ಲೂ ಇನೋವಾನಾ ಎಂದು ನಗಬೇಡಿ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಮನೆಮಂದಿಯನ್ನು, ರೊಟ್ಟಿಯ ಬುತ್ತಿಯನ್ನು ಜಿಪ್ಸಿಯಲ್ಲಿ ಕರೆದುಕೊಂಡು ಹೋಗಿ ನೋಡಿ, ಗೊತ್ತಾಗುತ್ತದೆ.

ನಾಲ್ಕನೆಯದು ಮಾತ್ರ ಪೂರ್ತಿ ಕನಸು. 1989ರಲ್ಲಿ ಬಂದ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5. ಎರಡೇ ಸೀಟು, ತೆರೆದ ಛಾವಣಿ, 1.6 ಲೀಟರ್ ಇಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ, ಮೇಲೆದ್ದು ಕಣ್ಣು ಬಿಡುವ ಹೆಡ್‌ಲೈಟ್. ವೇಗದ ಕಾರೇನಲ್ಲ, ತಿರುವಿನ ಕಾರು. ಮಳೆ ನಿಂತ ಮೇಲೆ ಗೋವಾ ದಾರಿಯ ಚೋರ್ಲಾ ಘಾಟಿಗೆ ಇದಕ್ಕಿಂತ ಬೇರೆ ಬೇಡ, ರಸ್ತೆಯ ಗುಂಡಿ ಮುಚ್ಚಿದ್ದರೆ! ಜಪಾನಿನಲ್ಲೂ ನಮ್ಮ ಹಾಗೇ ಸ್ಟೀರಿಂಗ್ ಬಲಕ್ಕೆ. ಆದರೆ ಮೂರು ವರ್ಷಕ್ಕಿಂತ ಹಳೆಯ ಬಳಸಿದ ಕಾರನ್ನು ಸಾಮಾನ್ಯವಾಗಿ ನಮ್ಮ ದೇಶಕ್ಕೆ ತರಿಸಲು ಬಿಡುವುದಿಲ್ಲ. ಗ್ಯಾರೇಜು ಕನಸಿನದೇ ಆದ್ದರಿಂದ ಇಟ್ಟುಕೊಂಡಿದ್ದೇನೆ.

ಐದನೆಯ ಜಾಗಕ್ಕೆ ಕಾರು ಬೇಡ. ಅಲ್ಲಿ ಗಾಡಿ ಎತ್ತುವ ಎರಡು ಕಂಬದ ಲಿಫ್ಟ್, ಕಂಪ್ರೆಸರ್, ಪಾನಾಗಳ ಒಂದು ಗೋಡೆ. ನಾಲ್ಕರಲ್ಲಿ ಒಂದು ಗಾಡಿ ಯಾವಾಗಲೂ ಅದರ ಮೇಲೇ ಇರುತ್ತದೆ. ಅಂಬಾಸಿಡರ್ ಕಂಪನಿಯದೇ ಹಳೆಯ ದೊಡ್ಡ ಕಾರು ಕಾಂಟೆಸ್ಸಾ ಬಿಟ್ಟಿದ್ದಕ್ಕೆ ಯಾರಾದರೂ ಬೈಯುವುದು ಖಂಡಿತ. ಅದರ ಇಸುಜು ಇಂಜಿನ್ ನನಗೂ ಇಷ್ಟ. ಆದರೆ ಇಂಜಿನ್ನಿನ ಬುಶ್ಶನ್ನು ಉದ್ಯಮಬಾಗದಲ್ಲಿ ಮಾಡಿಸಬಹುದು, ಮುಂದಿನ ಗಾಜನ್ನು ಎಲ್ಲಿ ಮಾಡಿಸಲಿ?