ನ್ಯಾಮತಿ ಕಡೆಯ ವೀರಗಲ್ಲಿನ ಶಾಸನ ಹುಡುಕುವ ಬಗ್ಗೆ

ಕೆರೆ ಏರಿ ಮೇಲಿನ ವೀರಗಲ್ಲು ದಾವಣಗೆರೆ ಜಿಲ್ಲೆಯ ಶಾಸನಗಳಲ್ಲಿ ಸಿಗುತ್ತಿಲ್ಲ ಅಂದಿದ್ದೀರಿ. ಬಹುಶಃ ತಪ್ಪು ಸಂಪುಟ ನೋಡುತ್ತಿದ್ದೀರಿ. ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ. ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳ ಸರಣಿ ಎಪಿಗ್ರಾಫಿಯಾ ಕರ್ನಾಟಿಕ ಅದಕ್ಕಿಂತ ಎಷ್ಟೋ ಹಳೆಯದು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕು, ಹೊನ್ನಾಳಿ ಶಿವಮೊಗ್ಗ ಜಿಲ್ಲೆ. ಹಾಗಾಗಿ 7ನೇ ಸಂಪುಟ ತೆಗೆದು ಹೊನ್ನಾಳಿ ಭಾಗ ನೋಡಿ. (ಜಗಳೂರಿನವರಾದರೆ ಚಿತ್ರದುರ್ಗದ 11ನೇ ಸಂಪುಟ.)

ಪ್ರತಿ ಶಾಸನದ ಮೇಲೆ ಊರಿನ ಹೆಸರು, ಕಲ್ಲು ಎಲ್ಲಿದೆ ಅನ್ನೋದು ಇರುತ್ತದೆ. ಪಕ್ಕದ ಹಳ್ಳಿಗಳ ಹೆಸರಲ್ಲೂ ಹುಡುಕಿ. ಕಲ್ಲನ್ನು ಆಮೇಲೆ ಯಾರಾದರೂ ಸಾಗಿಸಿರಬಹುದು, ಅಲ್ವಾ? ಅಲ್ಲೂ ಇಲ್ಲದಿದ್ದರೆ ಮೈಸೂರು ಪುರಾತತ್ವ ಇಲಾಖೆಯ ಹಳೇ ವಾರ್ಷಿಕ ವರದಿಗಳನ್ನು ನೋಡಿ.

ಅದಕ್ಕೂ ಮುಂಚೆ ಒಂದು ಒಳ್ಳೆ ಫೋಟೋ ಬೇಕು. ಬರಹ ಸಾಮಾನ್ಯವಾಗಿ ಚಿತ್ರಗಳ ನಡುವಿನ ಪಟ್ಟಿಗಳಲ್ಲಿರುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ದಯವಿಟ್ಟು ಎಣ್ಣೆ, ಬಣ್ಣ, ತಂತಿ ಬ್ರಷ್ ಮುಟ್ಟಿಸಬೇಡಿ. ಉಳಿದ ಅಕ್ಷರವೂ ಹೋಗುತ್ತದೆ. ಕೆಳಗಿನ ಚಿತ್ರದಲ್ಲಿ ಹಸುಗಳಿದ್ದರೆ ಆ ವೀರ ತುರುಗಾಳಗದಲ್ಲಿ (ದನಗಳಿಗಾಗಿ ನಡೆದ ಕಾಳಗದಲ್ಲಿ) ಸತ್ತವನಿರಬೇಕು. ಬರಹವೇ ಇಲ್ಲದಿದ್ದರೆ ಮಾತ್ರ ಹೆಸರು ಸಿಗೋದು ಕಷ್ಟ.

ಫೋಟೋ ಇಲ್ಲಿ ಹಾಕಿ, ಓದಲು ಪ್ರಯತ್ನಿಸುತ್ತೇನೆ.